ತಾಜ್ ಬಾವಡಿ ಓಣಿಯ ನಾಡಿ

ಲಕ್ವ ಹೊಡೆದ ಹನ್ನೊಂದನೆಯ ದಿನಕ್ಕೆ ಗೌರಾದೇವಿಯನ್ನು ಮನೆಮಂದಿ ಮನಸ್ಸಿನಲ್ಲೇ ಕಳಿಸಿಕೊಟ್ಟಾಗಿತ್ತು. ದೇಹ ಹೊರಡುವುದೊಂದು ಬಾಕಿ; ಅದಕ್ಕೂ ಕಾಗದ ತಯಾರಿತ್ತು. ಮಧ್ಯಾಹ್ನ ನಾಲ್ಕಕ್ಕೆ ಮಗ ಚಂದ್ರಶೇಖರ ಸಹಿ ಹಾಕಿದರೆ ಆಸ್ಪತ್ರೆಯವರು ಅವಳ ಮೂಗಿನಲ್ಲಿದ್ದ ಊಟದ ನಳಿಕೆ ತೆಗೆಯುವವರಿದ್ದರು.

ಮೊಮ್ಮಗಳು ಮೈತ್ರಿ ಮಾತ್ರ ಕಳಿಸಿಕೊಟ್ಟಿರಲಿಲ್ಲ. ಪರದೇಶದ ನ್ಯೂಕ್ಯಾಸಲ್‌ನ ಮನೆಯಲ್ಲಿ ಅವಳು ಬೆಳೆದದ್ದು ಈ ಅಜ್ಜಿಯ, ಅವಳ ಆಯಿಯ, ಕತೆಗಳ ಮಡಿಲಲ್ಲಿ. ವಿಜಯಪುರದ ಹಕೀಮರ ಕತೆ ಹೇಳಿ ಹೇಳಿ ಆಯಿ ಹಚ್ಚಿದ ಹುಚ್ಚು ಎಲ್ಲಿಗೆ ಮುಟ್ಟಿತ್ತೆಂದರೆ, ಮೈತ್ರಿ ಯೂನಿವರ್ಸಿಟಿಯಲ್ಲಿ ಸಾವಿರ ವರ್ಷದ ಹಿಂದಿನ ಮುಸಲ್ಮಾನ ತತ್ವಜ್ಞಾನಿಗಳನ್ನು ಓದಲು ಕೂತಿದ್ದಳು. ಬೆಳಿಗ್ಗೆ ರೋಗಿಯ ನಾಡಿ ಹಿಡಿದು, ಸಂಜೆ ದೇವರ ಬಗ್ಗೆ ಬರೆಯುತ್ತಿದ್ದ ಜನ ಅವರು. ಅಪ್ಪ ಅದಕ್ಕೆ ‘ಹಕೀಮ್ ಡಿಗ್ರಿ’ ಎಂದು ಹೆಸರಿಟ್ಟಿದ್ದ.

“ಎಷ್ಟು ದಿನ ಅಂತ ಹಿಂಸೆ ಕೊಡೋದು ಪುಟ್ಟಿ? ದೇವ್ರು ಕರೀತಿದಾನೆ. ಇನ್ನೇನ್ ಸುಖ ಇದೆ ಅವಳಿಗೆ?” ಎಂದ ಚಂದ್ರಶೇಖರ, ಮಂಚದ ಕಡೆ ನೋಡದೆ.

“ದೇವ್ರು ನಿಂಗೆ ಮೆಸೇಜ್ ಮಾಡಿದ್ನಾ ಅಪ್ಪಾ? ಇರ್ಲೇಬೇಕಾದೋನು ಅವನೊಬ್ಬನೇ, ಉಳಿದಿದ್ದೆಲ್ಲ ಇರ್ಬಹುದು, ಇಲ್ದೇನೂ ಇರ್ಬಹುದು ಅಂತಾರೆ ನನ್ನ ಹಕೀಮರು. ಆದ್ರೂ ನಾವು ಇದೀವಿ ಅಂದ್ರೆ ಅವನು ಇರಿಸಿದಾನೆ ಅಂತ. ಇರಿಸಿರೋನ ಹೆಸರಲ್ಲಿ ನೀನು ಕಳಿಸ್ತಿದೀಯ.”

“ಶುರುವಾಯ್ತು ಹಕೀಮ್ ಡಿಗ್ರಿ.”

“ಸುಖಾನೂ ಅಷ್ಟೇ. ತಿನ್ನೋದು ಉಡೋದು ಸಣ್ಣ ಸುಖ, ಅರಿಯೋದು ದೊಡ್ಡ ಸುಖ. ಒಬ್ಬನ್ನ ಗಾಳೀಲಿ ತೇಲಿಬಿಟ್ಟಿದಾರೆ ಅಂದ್ಕೋ. ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳಲ್ಲ, ಕೈಗೆ ಕೈ ತಾಗಲ್ಲ. ಆದ್ರೂ ‘ನಾನಿದೀನಿ’ ಅಂತ ಅವನಿಗೆ ಗೊತ್ತು. ಆಯಿ ಈಗ ಹಾಗೇ ತೇಲ್ತಿದಾಳೆ.”

“ಗೊತ್ತಿದ್ರೆ ಕಣ್ಣು ಮುಚ್ಚು ಅಂದಾಗ ಮುಚ್ಚಬೇಕಿತ್ತಲ್ಲ? ಡಾಕ್ಟ್ರು ದಿನಾ ಟೆಸ್ಟ್ ಮಾಡಿದಾರೆ. ಒಂದ್ಸಲಾನೂ ಇಲ್ಲ.”

“ಯಾವ ಭಾಷೇಲಿ ಕೇಳಿದ್ರು?”

ಚಂದ್ರಶೇಖರ ಕಿಟಕಿಯ ಕಡೆ ತಿರುಗಿದ. “ಇಂಗ್ಲಿಷು. ಆಮೇಲೆ ಫೋನಲ್ಲಿ ಒಬ್ರು ದುಭಾಷಿ... ಹಿಂದೀಲಿ. ಕನ್ನಡದವ್ರು ಸಿಗೋದು ಲೇಟಾಗುತ್ತೆ ಅಂದ್ರು, ಹಿಂದಿ ಅಂತಲೇ ಬರೆಸ್ಬಿಟ್ಟೆ. ಸೀರಿಯಲ್ ನೋಡ್ತಿದ್ಲಲ್ಲ ಅಂತ...”

“ಅಪ್ಪಾ! ಸೀರಿಯಲ್ ಅವಳು ಸೀರೆ ನೋಡೋಕೆ ಹಾಕ್ತಿದ್ಲು! ನೀನೇ ಯಾಕೆ ಕೇಳ್ಲಿಲ್ಲ?”

“ನಾನು ಕೇಳಿ, ಅವಳು ಸುಮ್ಮನೇ ಇದ್ದುಬಿಟ್ಟಿದ್ರೆ?”

ಮೈತ್ರಿಯಾದರೂ ಏನು ಮಾಡಿದ್ದಳು? ಹನ್ನೊಂದು ದಿನ ಆಯಿಗೆ ಕತೆ ಹೇಳಿದ್ದಳೇ ಹೊರತು ಒಂದು ಪ್ರಶ್ನೆ ಕೇಳಿರಲಿಲ್ಲ. ಅದೇ ಭಯ, ಅದೇ ಮನೆತನದ್ದು.

ಅಷ್ಟರಲ್ಲಿ ಕಾಗದ ಹಿಡಿದು ಡಾಕ್ಟರಮ್ಮ ಬಂದಳು. ಮೈತ್ರಿ ಮಂಚಕ್ಕೂ ಕಾಗದಕ್ಕೂ ನಡುವೆ ನಿಂತಳು.

“ಇವತ್ತು ಸಹಿ ಇಲ್ಲ. ನೀವು ಪರೀಕ್ಷೆ ಮಾಡಿದ್ದು ನನ್ನ ಆಯಿಯನ್ನಲ್ಲ, ಅವಳ ಹಿಂದಿಯನ್ನು,” ಎಂದಳು ಇಂಗ್ಲಿಷಿನಲ್ಲಿ. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ, ಆಯಿಯ ಮುಂಗೈ ಹಿಡಿದು ಮಂಚದ ಅಂಚಿಗೆ ಕೂತಳು.

ಆಯಿಯ ಕತೆಯೊಂದರಲ್ಲಿ, ಮಾತು ಸತ್ತ ರೋಗಿಯ ನಾಡಿ ಹಿಡಿದು ಹಕೀಮ ಒಂದೊಂದೇ ಓಣಿಯ ಹೆಸರು ಹೇಳುತ್ತಾ ಹೋಗುತ್ತಾನೆ. ಯಾವ ಓಣಿಗೆ ನಾಡಿ ಜಿಗಿಯುತ್ತದೋ ಅಲ್ಲಿ ರೋಗಿಯ ಜೀವ ಇರುತ್ತದೆ. ಆಯಿ ಅದನ್ನು ತನ್ನೂರ ಕತೆಯೆಂದೇ ಹೇಳುತ್ತಿದ್ದಳು. ಅದು ವಿಜಯಪುರಕ್ಕಿಂತ ಎಷ್ಟೋ ಹಳೆಯದು, ಪರ್ಷಿಯಾ ಕಡೆಯದು ಎಂದು ಮೈತ್ರಿಗೆ ತಿಳಿದದ್ದು ಲೈಬ್ರರಿಯಲ್ಲಿ.

“ಕೆಂಟ್,” ಎಂದಳು ಮೈತ್ರಿ, ಸುತ್ತಲಿನ ಊರುಗಳಿಂದ ಶುರುಮಾಡಿ. ಮಾನಿಟರಿನಲ್ಲಿ ನಾಡಿ ಎಪ್ಪತ್ತೆರಡು. “ಡುವಾಲ್.” ಎಪ್ಪತ್ತೊಂದು. “ನ್ಯೂಕ್ಯಾಸಲ್.” ಆಯಿ ಹತ್ತು ವರ್ಷ ಇದ್ದ ಊರಿಗೂ ಮಾನಿಟರ್ ಕ್ಯಾರೇ ಅನ್ನಲಿಲ್ಲ. “ಗೋಲಗುಮ್ಮಟ. ಶಹಾಪುರ ಅಗಸಿ.” ಎಪ್ಪತ್ತೆಂಟು. “ತಾಜ್ ಬಾವಡಿ.” ಆಯಿಯ ತವರು ಇದ್ದ ಓಣಿ. ಎಂಬತ್ತೊಂಬತ್ತು.

“ಯಾವ ಸದ್ದಿಗೂ ಹೀಗೆ ಏರಬಹುದು,” ಎಂದಳು ಡಾಕ್ಟರಮ್ಮ, ಮೆತ್ತಗೆ.

“ಹಾಗಾದರೆ ನೀವು ಕೇಳಬೇಕಿದ್ದ ಪ್ರಶ್ನೆಯನ್ನೇ ಕೇಳುತ್ತೇನೆ. ನಿಂತು ನೋಡಿ.” ಮೈತ್ರಿ ಬಾಗಿದಳು. “ಆಯಿ, ನನ್ನ ಮಾತ ಕೇಳಸಾಕತ್ತಿದ್ರ ಕಣ್ಣ ಮುಚ್ಚು.”

ಗೋಡೆಯ ಗಡಿಯಾರದ ಮುಳ್ಳು ಐದು ಹೆಜ್ಜೆ ಇಟ್ಟಿತು. ರೆಪ್ಪೆಗಳು ಇಳಿದವು. ಬಿಗಿದುಕೊಂಡವು.

“ಈಗ ತಗಿ.”

ತೆರೆದವು.

ಡಾಕ್ಟರಮ್ಮ ಕಾಗದವನ್ನು ಕಿಟಕಿಕಟ್ಟೆಯ ಮೇಲಿಟ್ಟು ಹತ್ತಿರ ಬಂದಳು. “ಇನ್ನೊಮ್ಮೆ” ಎಂದಳು. ಇನ್ನೊಮ್ಮೆಯೂ ಆಯಿತು. ಚಂದ್ರಶೇಖರನ ಗಂಟಲಿನಿಂದ ಬೆಂಗಳೂರು ಕನ್ನಡ ಉದುರಿಹೋಗಿ, ಮೂವತ್ತು ವರ್ಷದ ಹಿಂದೆ ಬಿಟ್ಟ ಮಾತು ಹೊರಬಿತ್ತು: “ಯವ್ವಾ... ತಪ್ಪಾತವ್ವಾ.”

ಮೈತ್ರಿ ಅಷ್ಟಕ್ಕೇ ನಿಲ್ಲಲಿಲ್ಲ. ಇಷ್ಟು ದಿನ ಎಲ್ಲರೂ ಆಯಿಯ ಪರವಾಗಿ ತಾವೇ ಉತ್ತರ ಹೇಳಿದ್ದರು. ತಾನೂ ಅದನ್ನೇ ಮಾಡಿದರೆ ಹೊಡೆದಾಡಿದ್ದಕ್ಕೆ ಅರ್ಥವಿರಲಿಲ್ಲ. ಅಪ್ಪ “ಬೇಡ ಪುಟ್ಟಿ” ಎಂದು ಭುಜ ಹಿಡಿದ. ಅವಳು ಕೊಡವಿಕೊಂಡಳು.

“ಆಯಿ, ಕಾಲಿಲ್ಲ, ಕೈಯಿಲ್ಲ, ಹಿಂಗ ಇರೂದ ಸಾಕಾಗೇತೇನ? ಹೋಗೂದಿದ್ರ ಕಣ್ಣ ಮುಚ್ಚು. ನಾ ತಡ್ಯಂಗಿಲ್ಲ. ಇರೂದಿದ್ರ ತಗದ ಇಡು.”

ಆಯಿ ಮೊಮ್ಮಗಳನ್ನೇ ನೋಡಿದಳು. ಕಣ್ಣು ಒಣಗಿ ಕೆಂಪಾಯಿತು, ಅಂಚಿನಲ್ಲಿ ನೀರು ತುಂಬಿತು, ರೆಪ್ಪೆ ತಾನಾಗಿಯೇ ನಡುಗತೊಡಗಿತು. ಮಾನಿಟರಿನ ಅಂಕಿ ನೂರು ದಾಟಿತು.

ಆಯಿ ಕಣ್ಣು ಮುಚ್ಚಲಿಲ್ಲ.