ಸೇವಂತಿಗೆಯ ಬಳಗ ಮತ್ತು ಚಿಕ್ಕಪ್ಪನ ಕಾಫಿ

ಹೂವಿನ ವಿಷಯದಲ್ಲಿ ನನಗೆ ಗೊತ್ತಿರುವಷ್ಟು ಹೂವಿಗೇ ಗೊತ್ತಿಲ್ಲ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದುವಾಗ ನಾನು ಬಾಯಿ ತೆರೆದರೆ ಸಾಕು, ಮೇಷ್ಟರು ಕುರ್ಚಿ ಬಿಟ್ಟು ಬೆಂಚಿಗೆ ಬಂದು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಈಗ ಮದರಾಸಿನ ಪೆರುಂಗುಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತ ಕೂತಿದ್ದೇನೆಂದರೆ ಅದು ಸಸ್ಯಲೋಕಕ್ಕೆ ಆದ ನಷ್ಟ. ಆದರೂ ಕೋಡಂಬಾಕ್ಕಂನಲ್ಲಿ ಒಂದು ಸಂಸಾರ ಇನ್ನೂ ನೆಟ್ಟಗೆ ನಿಂತಿದೆಯಲ್ಲ, ಅದು ನನ್ನ ವಿದ್ಯೆಯ ಆಸರೆಯ ಮೇಲೆಯೇ.

ಅದು ನೀರಜಾ ಚಿಕ್ಕಮ್ಮನ ಮನೆ. ಅಮ್ಮನ ತಂಗಿ, ಮದುವೆಯಾಗಿ ಮದರಾಸಿಗೆ ಬಂದವಳು ಈಗ ಅರ್ಧ ತಮಿಳು ಹಾಕಿಯೇ ಕನ್ನಡ ಆಡುತ್ತಾಳೆ. ಹೋದ ದೀಪಾವಳಿಗೆ ಅವಳ ವಜ್ರದ ಮೂಗುಬೊಟ್ಟು ಕಳೆಯಿತು. ಸಿಕ್ಕಿದರೆ ಕೃಷ್ಣನಿಗೆ ಲಕ್ಷ ಹೂವಿನ ಅರ್ಚನೆ, ಅದು ಮುಗಿಯುವವರೆಗೆ ಗಂಡ ಹೆಂಡತಿ ಇಬ್ಬರೂ ಕಾಫಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಮುಗಿದ ಕೈ ಇನ್ನೂ ಬಿಡಿಸಿರಲಿಲ್ಲ, ಮೂಗುಬೊಟ್ಟು ಚಿಕ್ಕಪ್ಪನ ಹುಳಿಯನ್ನದಲ್ಲಿ ಹಲ್ಲಿಗೆ ಸಿಕ್ಕಿತು. ಹಲ್ಲೂ ಹೋಯಿತು, ಕಾಫಿಯೂ ಹೋಯಿತು.

ದಿನಕ್ಕೊಂದು ಅಷ್ಟೋತ್ತರ, ನಾಮಕ್ಕೊಂದು ಸೇವಂತಿಗೆ. ಅದಕ್ಕಿಂತ ಹೆಚ್ಚು ಹೊತ್ತು ಕೂರಲು ಅವಳ ಮಂಡಿ ಒಪ್ಪುವುದಿಲ್ಲ. ಹೀಗೆ ಲಕ್ಷ ತುಂಬಬೇಕಾದರೆ ವರ್ಷಗಟ್ಟಲೆ ಬೇಕು. ತಿರುಮಲ ಚಿಕ್ಕಪ್ಪನೋ, ಸೂಜಿ ಚುಚ್ಚಿದರೆ ರಕ್ತದ ಬದಲು ಡಿಕಾಕ್ಷನ್ ಬರುವಂಥ ಮನುಷ್ಯ. ನಾನು ಹೋದ ಭಾನುವಾರ ಪಕ್ಕದ ಮನೆಯ ಅಡುಗೆಮನೆ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. ಅಲ್ಲಿಂದ ಬರುವ ಕಾಫಿಯ ವಾಸನೆ ಎಳೆದು ಎಳೆದು ಅವರ ಮೂಗು ಎರಡು ಅಂಗುಲ ಬೆಳೆದಿತ್ತು. ಸುಳ್ಳಲ್ಲ, ಕಣ್ಣಾರೆ ಕಂಡಿದ್ದೇನೆ.

“ಏನಾದರೂ ಮಾಡು ರಘು,” ಎಂದರು. “ಜೀರಿಗೆ ಕಷಾಯ ಕುಡಿದು ಕುಡಿದು ನಾನು ಯಾರು ಅನ್ನೋದೇ ಮರೆತುಹೋಗ್ತಿದೆ.”

ನನ್ನ ಎದೆ ಕರಗಿ ಶರ್ಟಿನ ಜೇಬಿಗೆ ಇಳಿಯಿತು. ದೇವರ ಬುಟ್ಟಿಯಿಂದ ಒಂದು ಸೇವಂತಿಗೆ ತೆಗೆದುಕೊಂಡು ಚಿಕ್ಕಮ್ಮನೆದುರು ಊಟದ ಮೇಜಿನ ಮೇಲೆ ಬಿಡಿಸಿ ಹರಡಿದೆ. ಇದು ಒಂದು ಹೂವಲ್ಲ, ಒಂದು ಊರು ಎಂದೆ. ನಾವು ಎಸಳು ಅನ್ನುವ ಒಂದೊಂದೂ ಒಂದೊಂದು ಪೂರ್ತಿ ಹೂವು. ನಡುವಿನ ಹಳದಿ ಕೊಳವೆಗಳೂ ಅಷ್ಟೇ, ಒಂದೊಂದೂ ಬೇರೆ ಬೇರೆ ಹೂವು. ಸೂರ್ಯಕಾಂತಿ, ಚೆಂಡುಹೂ, ಡೇಲಿಯ ಎಲ್ಲ ಇದೇ ಬಳಗ, ಎಲ್ಲಕ್ಕೂ ಇದೇ ಚಾಳಿ: ನೂರಾರು ಹೂ ಒಂದೇ ತಟ್ಟೆಯಲ್ಲಿ ಒತ್ತಿ ಕೂತು, ನೋಡುವವರಿಗೆ ಒಂದೇ ಹೂವೆಂದು ನಂಬಿಸುವುದು. ಹಾಗಾಗಿ ನಿನ್ನ ಲಕ್ಷ ಎಂದೋ ಮುಗಿದಿದೆ, ಈಗ ಕೃಷ್ಣನೇ ನಿನಗೆ ಚಿಲ್ಲರೆ ವಾಪಸು ಕೊಡಬೇಕು ಎಂದೆ.

ಚಿಕ್ಕಪ್ಪ ಆಗಲೇ ಸ್ಟೂಲು ಹತ್ತಿ ಅಟ್ಟದಿಂದ ಹಿತ್ತಾಳೆ ಫಿಲ್ಟರ್ ಇಳಿಸುತ್ತಿದ್ದರು.

ಚಿಕ್ಕಮ್ಮ ಒಂದು ಎಸಳನ್ನು ಬೆಳಕಿಗೆ ಹಿಡಿದು ನೋಡಿದಳು. “ಸೆರಿ ಕಣೋ, ಒಪ್ಪಿದೆ. ಆನಾ ನಾನು ಹೇಳಿದ್ದು ಒಂದೇ ನಾಮ ತಾನೆ? ಮಿಚ್ಚ, ಉಳಿದ ಹೂವೆಲ್ಲ ನಾಮ ಇಲ್ಲದೆ ಹೋದವಲ್ಲ. ಒಂದು ಟಿಕೆಟ್ ತೊಗೊಂಡು ಮದುವೆ ದಿಬ್ಬಣ ಪೂರಾ ಬಸ್ ಹತ್ತಿಸಿದ ಹಾಗೆ. ಚೆಕ್ಕಿಂಗ್ ಬಂದರೆ ಅವಮಾನ ಯಾರಿಗೆ, ಕೃಷ್ಣನಿಗೆ ತಾನೆ?”

ಇದುವರೆಗೆ ಮಾಡಿದ್ದೆಲ್ಲ ರದ್ದು ಎಂದು ಅವಳೇ ತೀರ್ಪು ಕೊಟ್ಟಳು. ನಾಳೆಯಿಂದ ಹೂವು ಬಿಡಿಸಿ, ಎಸಳಿಗೊಂದು ನಾಮ, ಮೊದಲಿನಿಂದ. ಚಿಕ್ಕಪ್ಪ ಫಿಲ್ಟರನ್ನು ಎದೆಗೊತ್ತಿಕೊಂಡು ಸ್ಟೂಲಿನ ಮೇಲಿಂದಲೇ ನನ್ನನ್ನು ನೋಡಿದರು. ಆ ನೋಟಕ್ಕೆ ಗೋಡೆಯ ಸುಣ್ಣ ಉದುರಿತು.

ಬೇರೆ ಯಾರಾದರೂ ಆಗಿದ್ದರೆ ಚಪ್ಪಲಿ ಹುಡುಕುತ್ತಿದ್ದರು. ನಾನು ಕಣ್ಣು ಮುಚ್ಚಿ ಆ ಬಳಗದ ಮೂವತ್ತು ಸಾವಿರ ಬಗೆಯನ್ನೂ ಒಂದೊಂದಾಗಿ ಹಾಜರಿ ಕರೆದೆ. ದಾರಿಬದಿಯ ಪಾರ್ಥೇನಿಯಂ ಕೂಡ ಎದ್ದು ನಿಂತಿತು, ಪ್ರಯೋಜನಕ್ಕೆ ಬರಲಿಲ್ಲ. ಕೊನೆಗೆ ಒಂದು ಮೂಲೆಯಿಂದ ದನಿ ಬಂತು: ಚಿಕೋರಿ.

ಮದರಾಸಿನ ಕಾಫಿಪುಡಿಗೆಲ್ಲ ಬೆರೆಸುತ್ತಾರಲ್ಲ, ಅದೇ ಚಿಕೋರಿ. ನೀಲಿ ಹೂವಿನ ಗಿಡ. ಅದರ ಬೇರನ್ನು ಹುರಿದು ಪುಡಿ ಮಾಡುತ್ತಾರೆ. ಸೇವಂತಿಗೆಯ ಸಾಕ್ಷಾತ್ ದಾಯಾದಿ. ಒಳಪಂಗಡ ಮಾತ್ರ ಬೇರೆ: ಇದರ ಹೂವಿನಲ್ಲಿ ನಡುವಿನ ಕೊಳವೆಗಳೇ ಇಲ್ಲ, ಎಲ್ಲವೂ ನಾಲಿಗೆಯಂಥ ಎಸಳುಗಳೇ, ಗಿಡ ಮುರಿದರೆ ಹಾಲು. ಕಾಫಿಯದು ಕೇಪಳದ ಹೂವಿನ ಬಳಗ. ಇವೆರಡಕ್ಕೂ ಸೂತಕ ಕೂಡ ತಗಲುವುದಿಲ್ಲ. ಹರಕೆಯಲ್ಲಿ ಬಿಟ್ಟದ್ದು ಕಾಫಿಯನ್ನು, ದೇವರ ಹೂವಿನ ನೆಂಟರನ್ನಲ್ಲ ಎಂದು ವಾದಿಸಿದೆ. ಚಿಕ್ಕಮ್ಮ ಬೆಳ್ಳುಳ್ಳಿಗೂ ಅದಕ್ಕೂ ಏನೂ ಸಂಬಂಧ ಇಲ್ಲವಷ್ಟೆ ಎಂದು ಮತ್ತೆ ಮತ್ತೆ ಕೇಳಿ, ಒಪ್ಪಿದಳು.

ಬರೀ ಚಿಕೋರಿ ಕೊಡಿ, ಕಾಫಿ ಒಂದು ಕಾಳೂ ಬೇಡ ಎಂದಾಗ ಪುಡಿ ಅಂಗಡಿಯವನು ನನ್ನನ್ನು ದಾಖಲೆಗಿರಲಿ ಎಂದು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡ. ಚಿಕ್ಕಮ್ಮ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಡಬರಾದಿಂದ ಲೋಟಕ್ಕೆ ನೊರೆ ಬರಿಸಿ ಕೊಟ್ಟಳು. ಚಿಕ್ಕಪ್ಪ ಕುಡಿದರು. ಕಣ್ಣಲ್ಲಿ ನೀರು ಬಂತು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು.

“ನೀರಜಾ,” ಎಂದರು, “ಮದುವೆಯಾದಾಗಿಂದ ನೀನು ಕೊಡ್ತಿದ್ದ ಕಾಫಿಯೇ ಇದು. ಎಳ್ಳಷ್ಟೂ ವ್ಯತ್ಯಾಸ ಇಲ್ಲ.”

ಫ್ಯಾನು ಕೂಡ ತಿರುಗುವುದನ್ನು ನಿಲ್ಲಿಸಿತು. ಚಿಕ್ಕಮ್ಮ ಲೋಟ ಕಿತ್ತುಕೊಂಡು ಒಂದು ಗುಟುಕು ನೋಡಿದಳು. ಇನ್ನೊಂದು ನೋಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಅಪ್ಪಡಿಯಾ. ಹಾಗಾದರೆ ಈ ಮನೇಲಿ ಕಾಫಿ ಇದ್ದದ್ದೇ ಇಲ್ಲ. ಇಲ್ಲದ್ದನ್ನ ಬಿಟ್ಟೆ ಅಂತ ಕೃಷ್ಣನ ಹತ್ರ ಸುಳ್ಳು ಹೇಳಿದ ಹಾಗಾಯ್ತು. ರಘು, ಓಡಿಹೋಗಿ ಅಸಲಿ ಕಾಫಿಪುಡಿ ತೊಗೊಂಡು ಬಾ. ಇವತ್ತು ಎಲ್ಲರೂ ಕುಡಿಯೋದು. ನಾಳೆಯಿಂದ ಮುರೆಯಾಗಿ, ಕ್ರಮ ಪ್ರಕಾರ ಬಿಡೋದು.”

ನಾನು ಹೋದ ವೇಗಕ್ಕೆ ರಸ್ತೆಯ ಎರಡು ಆಟೋಗಳು ದಾರಿ ಬಿಟ್ಟು ನಿಂತವು. ತಂದದ್ದು ಚಿಕೋರಿಯ ಸೋಂಕೂ ಇಲ್ಲದ ಅಪ್ಪಟ ಪುಡಿ. ಚಿಕ್ಕಮ್ಮ ಮೂವರಿಗೂ ಬೆರೆಸಿದಳು. ಚಿಕ್ಕಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಟಿಗಿಟ್ಟರು. ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. ಲೋಟ ಕೆಳಗಿಟ್ಟು, ಇದನ್ನು ಬಿಡುವುದಕ್ಕೂ ಒಂದು ಹರಕೆ ಬೇಕೇ ಎಂದು ಕೇಳಿ, ಆರಿಹೋಗಿದ್ದ ಚಿಕೋರಿಯ ಲೋಟಕ್ಕೆ ಕೈ ಚಾಚಿದರು.