ಎದೆಯ ಕಡೆಯ ಕೈ

ನಮ್ಮ ಗರ್ಲ್ ಗೈಡ್ ಶಿಬಿರಕ್ಕೆ ಹತ್ತು ವರ್ಷವಾಯಿತು, ಇತಿಹಾಸ ಬರೆದುಕೊಡಿ ಎಂದು ಸಂಸ್ಥೆಯವರು ನನ್ನ ಬೆನ್ನು ಹತ್ತಿದ್ದಾರೆ. ಯಾರು ಬಂದರು, ಯಾರು ಭಾಷಣ ಮಾಡಿದರು, ಯಾರಿಗೆ ಹಾರ ಹಾಕಿದೆವು, ಇವರಿಗೆ ಅದೇ ಇತಿಹಾಸ! ನಾನು ಬರೆಯುವುದು ಬೇರೆ. ಮಾವಿನ ತೋಪಿನಲ್ಲಿ ಶುರುವಾದ ಶಿಬಿರ ಹೊಳೆದಂಡೆಯ ಬಟಾಬಯಲಿಗೆ ಏಕೆ ಬಂತು ಎಂಬುದನ್ನು ಬರೆಯುತ್ತೇನೆ. ಓದಿದವರಿಗೆ ಸಿಟ್ಟು ಬಂದರೆ ಬರಲಿ, ನನಗೂ ಬಂದಿತ್ತು.

೧೯೫೮ರ ಬೇಸಿಗೆ. ನಾನಾಗ ಘಟಪ್ರಭಾದಲ್ಲಿ ಶಿಕ್ಷಕಿ. ಹೆಣ್ಣುಮಕ್ಕಳು ಮನೆ ಬಿಟ್ಟು ಡೇರೆಯಲ್ಲಿ ಮಲಗುವುದೆಂದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರೂ ಕೇಳದ ಮಾತು. ಮನೆಮನೆಗೆ ಹೋಗಿ ತಾಯಂದಿರ ಕೈಲಿ ಬೈಸಿಕೊಂಡೆ.

"ನಿಮ್ಮ ತೆಲಿ ನೆಟ್ಟಗ ಐತೇನ್ರಿ ಅಕ್ಕಾರ?" ಎಂದು ಒಬ್ಬಳು ನೇರವಾಗಿಯೇ ಕೇಳಿದಳು.

"ನನ್ನ ತೆಲಿ ನೆಟ್ಟಗ ಐತಿ. ನಿನ್ನ ಮಗಳ ಬೆನ್ನ ನೆಟ್ಟಗ ಮಾಡಾಕ ಕರಕೊಂಡ ಹೊಂಟೇನಿ," ಎಂದೆ.

ಕಡೆಗೆ ಅವರು ಒಪ್ಪಿದ್ದು ನನ್ನ ಬಾಯಿಗಲ್ಲ, ಜಾಗಕ್ಕೆ. ಕಲ್ಲೋಳಿಯ ಸೋಮಪ್ಪ ಗೌಡರು ತಮ್ಮ ಮಾವಿನ ತೋಪು ಕೊಟ್ಟಿದ್ದರು. ಸುತ್ತ ಬೇಲಿ, ಒಳಗೆ ಬಾವಿ, ಗೌಡರ ಹೆಸರಿನ ಕಾವಲು. ಶಿಬಿರ ತಮ್ಮ ಮನಸ್ಸಿಗೆ ಬಂದರೆ ಪ್ರತಿ ಬೇಸಿಗೆಗೂ ತೋಪು ನಿಮ್ಮದೇ ಎಂದಿದ್ದರು ಅವರು. ಆ ತೋಪು ತಪ್ಪಿದರೆ ಮರುವರ್ಷ ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಹುಡುಗಿಯರು ತಾವೇ ಆರಿಸಿಕೊಂಡ ನಾಯಕಿ ಗುಡ್ಡವ್ವ. ಮಸಗುಪ್ಪಿಯ ಸತ್ತೆಪ್ಪನ ಮಗಳು. ಹಸಿ ಕಟ್ಟಿಗೆಯಲ್ಲೂ ಒಲೆ ಹೊತ್ತಿಸುತ್ತಿದ್ದಳು, ಕೆಲಸಗಳ್ಳಿಯರನ್ನು ಗದರಿಸಿ ಎಬ್ಬಿಸುತ್ತಿದ್ದಳು. ಸತ್ತೆಪ್ಪ ದುಡಿಯುತ್ತಿದ್ದದ್ದು ಗೌಡರ ಹೊಲದಲ್ಲೇ. ಹಿಂದಿನ ವರ್ಷ ಅವನ ಕೇರಿಯವರೆಲ್ಲ ಬೌದ್ಧರಾಗಿ, ಮನೆಯಲ್ಲಿ ಬುದ್ಧನ ಪಟ ತೂಗುಹಾಕಿಕೊಂಡಿದ್ದರು. ಊರವರಿಗೆ ಮಾತ್ರ ಅದು ಮುಟ್ಟಬಾರದವರ ಹಳೆಯ ಕೇರಿಯೇ.

ಕೊನೆಯ ದಿನ ಗೌಡರು ಬಂದರು. ಅವರ ತಾಯಿ ಕಾಶೆವ್ವನೂ ಚಕ್ಕಡಿಯಲ್ಲಿ ಬಂದು ಮರದ ಕೆಳಗೆ ಕೂತಳು. ಹುಡುಗಿಯರು ಸಾಲಾಗಿ ನಿಂತರು. ಒಬ್ಬೊಬ್ಬಳೂ ಹೆಸರು ಹೇಳಿ ಗೌಡರ ಕೈಕುಲುಕಬೇಕು. ಗೈಡ್‌ಗಳು ಎಲ್ಲ ಕಡೆಯೂ ಎಡಗೈಯನ್ನೇ ಕೊಡುತ್ತಾರೆ. ನಾನೂ ಹಾಗೆಯೇ ಕಲಿಸಿದ್ದೆ.

"ನಾನು ಗುಡ್ಡವ್ವ, ಮಸಗುಪ್ಪಿ ಸತ್ತೆಪ್ಪನ ಮಗಳು," ಎಂದು ಮೊದಲ ಹುಡುಗಿ ಎಡಗೈ ಚಾಚಿದಳು.

ಗೌಡರು ಕೈ ಹಿಂದಕ್ಕೆಳೆದುಕೊಂಡರು. "ಎಡಗೈ ಕೊಡ್ತಾಳ! ನನಗ! ಇದನ್ನೇನ್ರಿ ನೀವು ಕಲಿಸಿದ್ದು?"

"ಅದು ಎದಿ ಬಾಜೂಕಿನ ಕೈರಿ ಗೌಡ್ರ, ಪ್ರೀತಿಯಿಂದ ಕೊಡೋದು," ಎಂದೆ.

"ಅದು ಏನೇನೋ ತೊಳಿಯೋ ಕೈರಿ! ನಿಮ್ಮ ಶಿಬಿರ ಸಾಕು."

ಅಷ್ಟರಲ್ಲಿ ಕಾಶೆವ್ವ ಮಗನನ್ನು ಕರೆದಳು. "ಸೋಮ್ಯಾ, ಮುಂಜಾನಿ ಲಿಂಗಪೂಜಿ ಮಾಡ್ಕೊಂಡಿ ಇಲ್ಲೋ?"

"ಮಾಡ್ಕೊಂಡೇನಿ. ಯಾಕ?"

"ಲಿಂಗಪ್ಪನ್ನ ಯಾವ ಅಂಗೈಯಾಗ ಕುಂಡ್ರಿಸಿದ್ದಿ?"

ಇಷ್ಟಲಿಂಗ ಕೂರುವುದು ಎಡ ಅಂಗೈಯಲ್ಲೇ.

"ದೇವರು ಕುಂಡ್ರೋ ಕೈ ಅದು. ಕೂಸಿನ ಕೈ ಹಿಡ್ಯಾಕ ಹೊಲಸ ಆತೇನು?" ಎಂದಳು ಮುದುಕಿ.

ಗೌಡರು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ನಕ್ಕೇಬಿಟ್ಟರು. "ಖರೆ ಐತಿ ಬಿಡವ್ವ." ನಾನು ಗೆದ್ದೆ ಅಂದುಕೊಂಡೆ, ನನ್ನ ಹುಚ್ಚು! ಗೌಡರು ಎಡಗೈ ಚಾಚಿದರು, ಆದರೆ ಎರಡನೆಯ ಹುಡುಗಿಗೆ. ಗುಡ್ಡವ್ವನ ಕೈ ಗಾಳಿಯಲ್ಲೇ ಉಳಿಯಿತು.

"ಗೌಡ್ರ, ಸಾಲು ಇಲ್ಲಿಂದ ಶುರು," ಎಂದೆ.

"ತೋಪು ಬೇಕೋ ಬ್ಯಾಡೋ ಅಕ್ಕಾರ?" ಎಂದರು ಅವರು, ಮೆಲ್ಲಗೆ.

ಬೇಕಿತ್ತು. ಸುಳ್ಳೇಕೆ ಹೇಳಲಿ, ಆ ಬಾವಿ, ಆ ನೆರಳು ನನಗೆ ಬಹಳ ಬೇಕಿತ್ತು. ಕಣ್ಣು ಬಾವಿಯ ಕಡೆ ಹೋಯಿತು. ಆಗ ಗುಡ್ಡವ್ವ ನನ್ನ ಸೆರಗು ಜಗ್ಗಿ, "ನನ್ನ ಸಲುವಾಗಿ ತೋಪು ಕಳಕೋಬ್ಯಾಡ್ರಿ ಅಕ್ಕಾರ. ನಾ ಹಿಂದ ಹೋಗಿ ನಿಂದರ್ತೇನಿ," ಎಂದಳು.

ಬೆನ್ನು ನೆಟ್ಟಗೆ ಮಾಡುತ್ತೇನೆಂದು ಕರೆತಂದ ಕೂಸು ನನ್ನೆದುರಿಗೇ ಬಾಗುತ್ತಿದೆಯಲ್ಲ!

"ಡೇರೆ ಕೀಳ್ರಿ!" ಎಂದು ಕೂಗಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ, ಹಗ್ಗ ಬಿಚ್ಚತೊಡಗಿದರು. ಗೌಡರು ಹೊರಟುಹೋದರು.

ನಾವು ಸಾಮಾನು ಹೇರುತ್ತಿದ್ದಾಗ ಕಾಶೆವ್ವ ಕೋಲೂರಿಕೊಂಡು ಬಂದು ಗುಡ್ಡವ್ವನ ಮುಂದೆ ನಿಂತಳು, ಎಡಗೈ ಚಾಚಿದಳು. ಹುಡುಗಿ ನನ್ನ ಕಡೆ ನೋಡಿದಳು. ಕೈ ಅವಳದು. ತಾನಾಗಿಯೇ ಕೊಟ್ಟಳು. ಮುದುಕಿ ಬಿಡದೆ ಹಿಡಿದುಕೊಂಡಳು.

"ನನ್ನ ಮಗ ಒಂದಿಲ್ಲೊಂದಿನ ತಾನ ಬಂದ ಕೈ ಚಾಚ್ತಾನ. ಆವತ್ತ ಕೊಡೋದು ಬಿಡೋದು ನಿನ್ನ ಮರ್ಜಿ," ಎಂದಳು.

"ಕೊಡ್ತೇನ್ರಿ ಆಯಿ," ಎಂದಳು ಗುಡ್ಡವ್ವ. "ಆದ್ರ ಸಾಲಿನಾಗ ನಾನ ಮೊದಲ ನಿಂತಿರ್ತೇನಿ."

ಮರುವರ್ಷ ಹೊಳೆದಂಡೆಯಲ್ಲಿ ಡೇರೆ ಹಾಕಿದೆವು. ನೆರಳಿರಲಿಲ್ಲ, ಅರ್ಧ ಹುಡುಗಿಯರೂ ಬರಲಿಲ್ಲ. ಸಾಲಿನ ಮೊದಲಿಗೆ ಗುಡ್ಡವ್ವ ನಿಂತಿದ್ದಳು. ಗೌಡರು ಇವತ್ತಿಗೂ ಬಂದಿಲ್ಲ.