ತಿಪ್ಪೆಯಲ್ಲಿ ಸಿಕ್ಕವಳು

"ಹಿಂದಕ್ಕ ಸರೀರಲೇ! ಇನ್ನೂ ಹಿಂದಕ್ಕ! ಆ ಕುಳ್ಳಿನ ಬಣವಿ ಹತ್ತರ ನಿಂದರ್ರಿ. ನಿಮ್ಮ ನೆಳ್ಳ ಹೊಚ್ಚಲಾ ದಾಟಿತಂದ್ರ ಕಾಲ ಮುರದ ಕೈಯಾಗ ಕೊಡತೀನಿ."

ನಮ್ಮನ್ನು ಹೀಗೆ ಬರಮಾಡಿಕೊಂಡವನು ಹೂವಪ್ಪ, ಗಜೇಂದ್ರಗಡದ ಗುರುಸಂಗಪ್ಪ ಸಾಹುಕಾರರ ಬಾಲಾಶ್ರಮದ ಮ್ಯಾನೇಜರು. ಅನಾಥ ಮಕ್ಕಳಿಗೆ ಹೆತ್ತ ತಂದೆಗಿಂತ ಹೆಚ್ಚು ಎಂದು ಸಾಹುಕಾರರು ವರ್ಷವರ್ಷವೂ ಭಾಷಣದಲ್ಲಿ ಹೊಗಳುವುದು ಇವನನ್ನೇ. ಅಷ್ಟು ಮಕ್ಕಳ ಗಂಜಿಯಲ್ಲಿ ಇವನ ಹೊಟ್ಟೆಯೊಂದು ಚೆನ್ನಾಗಿ ಬೆಳೆದಿತ್ತು.

ನಾನು ಮಾಳವ್ವ. ನನ್ನ ಜೊತೆಗಿದ್ದವಳು ನನ್ನವ್ವ ಗಾಳೆವ್ವ. ಮುಶಿಗೇರಿಯ ಕೇರಿಯವರು ನಾವು. ಸಾಹುಕಾರರ ಮನೆಯ ಮುಂಬಾಗಿಲಿಗೆ ಹೋಗುವ ಹಾಗಿಲ್ಲವಲ್ಲ, ದನಗಳು ಬರುವ ಹಾದಿಯಲ್ಲಿ ಹಿತ್ತಲಿಗೆ ಬಂದಿದ್ದೆವು. ಒಳಗೆ ಬೇಳೆ ಬೆಲ್ಲ ಬೇಯುವ ವಾಸನೆ. ಆಶ್ರಮದಲ್ಲಿ ಬೆಳೆದ ನನ್ನ ತಂಗಿ ಆ ಅಡುಗೆಮನೆಯಲ್ಲಿದ್ದಳು. ಅವಳನ್ನು ಕರೆದೊಯ್ಯಲು ಬಂದಿದ್ದೆವು. ಅಂದೇ ಕರೆದೊಯ್ಯದಿದ್ದರೆ ಮುಂದೆ ಅವಳು ನಮಗೆ ಸಿಗುವಂತಿರಲಿಲ್ಲ.

"ನಮ್ಮ ತಂಗೀನ್ನ ಕಳಸ್ರಿ," ಅಂದೆ.

ಹೂವಪ್ಪ ಹಲ್ಲು ಕಿರಿದ. "ನಿನ್ನ ತಂಗಿ? ನಿಮ್ಮವ್ವನ್ನ ಕೇಳವಾ ಮೊದಲ. ತನ್ನ ಬಾಯಿಲೇನ ಹೇಳ್ಯಾಳ, ನಂದಲ್ಲ, ತಿಪ್ಪ್ಯಾಗ ಸಿಕ್ಕದ್ದು ಅಂತ. ಏನಬೇ ಮುದುಕಿ, ಹೇಳಿದ್ದ್ಯೋ ಇಲ್ಲೋ?"

ಅವ್ವ ತಲೆ ತಗ್ಗಿಸಿದಳು. ಹೇಳಿದ್ದು ಖರೆ.

ನಮ್ಮಲ್ಲಿ ಒಂದು ನಡಾವಳಿ ಇದೆ. ಹುಟ್ಟಿದ ಕೂಸುಗಳು ಮೇಲಿಂದ ಮೇಲೆ ಸತ್ತರೆ, ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಒಮ್ಮೆ ಉರುಳಿಸಿ ತರುತ್ತೇವೆ. ತಿಪ್ಪವ್ವ ಎಂದೋ ತಿಪ್ಪಣ್ಣ ಎಂದೋ ಹೆಸರಿಡುತ್ತೇವೆ. ಹೆತ್ತವಳು ಅದನ್ನು ನನ್ನದು ಎನ್ನುವಂತಿಲ್ಲ. ಯಾರು ಕೇಳಿದರೂ ತಿಪ್ಪೆಯಲ್ಲಿ ಸಿಕ್ಕಿತು ಎನ್ನಬೇಕು. ಕೂಸನ್ನು ಒಯ್ಯಲು ಬಂದ ಸಾವು, ಈ ಕಸ ಯಾರಿಗೆ ಬೇಕು ಎಂದು ಮೂಗು ಮುಚ್ಚಿಕೊಂಡು ಹೋಗಲಿ ಎಂದು ಹೀಗೆ. ಕೂಸು ದೊಡ್ಡದಾಗಿ ಮದುವೆಯಾಗುವ ತನಕ ಈ ಕಟ್ಟು. ನಡುವೆ ಬಾಯಿತಪ್ಪಿ 'ನನ್ನದು' ಎಂದರೆ ಕೂಸು ಉಳಿಯುವುದಿಲ್ಲ ಎಂದು ನಂಬಿಕೆ. ಓದಿದವರು ನಗಬಹುದು, ನಗಲಿ. ನನ್ನ ಬೆನ್ನಿಗೆ ಹುಟ್ಟಿದ ಮೂರು ಕೂಸುಗಳನ್ನು ಅವ್ವ ತನ್ನ ಕೈಯಾರೆ ಮಣ್ಣಿಗಿಟ್ಟಿದ್ದಳು. ಆಮೇಲಿನದು ತಿಪ್ಪವ್ವ. ಅದು ಬದುಕಿತು.

ಅಪ್ಪ ಕಾಲರಾ ಬಂದು ಹೋದ ಮೇಲೆ ನಾವು ಹೊಸಪೇಟೆಯ ಕಡೆ, ತುಂಗಭದ್ರೆಗೆ ಅಣೆಕಟ್ಟು ಕಟ್ಟುವಲ್ಲಿಗೆ ಕಲ್ಲು ಹೊರಲು ಹೊರಟೆವು. ನಾನು ಬುಟ್ಟಿ ಹೊರುವಷ್ಟಾಗಿದ್ದೆ. ತಿಪ್ಪವ್ವ ಆಗಿನ್ನೂ ನನ್ನ ಸೊಂಟದ ಮೇಲೆ. ಅಲ್ಲಿಯ ಗುಡಿಸಲುಗಳಲ್ಲಿ ಚಳಿಜ್ವರಕ್ಕೆ ಸಣ್ಣ ಮಕ್ಕಳೇ ಮೊದಲು ಸಾಯುತ್ತವೆ ಎಂದು ಹೋಗಿಬಂದವರು ಹೇಳಿದ್ದರು. ಅವ್ವ ಹೆದರಿ ಅವಳನ್ನು ಸಾಹುಕಾರರ ಆಶ್ರಮಕ್ಕೆ ಒಯ್ದಳು. ಅಂದೂ ಬಾಗಿಲಲ್ಲಿ ಇದೇ ಹೂವಪ್ಪ.

"ಯಾರದಿದು ಕೂಸು?"

"ನಂದಲ್ರೀ ಯಪ್ಪಾ, ತಿಪ್ಪ್ಯಾಗ ಸಿಕ್ಕದ್ದು. ನಾ ಹೊಳ್ಳಿ ಬರೂತನಕಾ ಇಟಗೋರಿ."

ಅವನು ಮೊದಲ ಮಾತು ಹಿಡಿದುಕೊಂಡ. ಎರಡನೆಯದನ್ನು ಅಲ್ಲೇ ಬಿಟ್ಟ. ಹುಡುಗಿಯ ಬಣ್ಣ ತುಸು ಬೆಳ್ಳಗಿತ್ತು. ಇದು ಯಾವುದೋ ದೊಡ್ಡ ಮನೆಯ ವಿಧವೆ ಹೆತ್ತು ಎಸೆದ ಪಾಪ, ಈ ಹೆಂಗಸಿನ ಕೈಗೆ ಸಿಕ್ಕಿದೆ ಎಂದು ಸಾಹುಕಾರರೂ ಅವನೂ ಕೂಡಿ ತೀರ್ಮಾನಿಸಿದರು. ಕೇರಿಯಲ್ಲಿ ಬೆಳ್ಳಗಿನ ಕೂಸು ಹುಟ್ಟಬಾರದೆಂದು ಇವರಿಗೆ ಯಾವ ದೇವರು ಬಂದು ಹೇಳಿದ್ದನೋ! ಸ್ವಾಮಿಗಳಿಂದ ದೀಕ್ಷೆ ಕೊಡಿಸಿದರು. ತಿಪ್ಪವ್ವ ಹೋಗಿ ಅನ್ನಪೂರ್ಣಾ ಆಯಿತು.

ಅಣೆಕಟ್ಟಿನಿಂದ ನಾವು ಮರಳಿ ಬಂದು ತಿಪ್ಪವ್ವನನ್ನು ಕೊಡಿ ಎಂದು ಕೇಳಿದಾಗ ಹೂವಪ್ಪ ಗದರಿದ್ದ. "ಅಂಥಾ ಹೆಸರಿನವರು ಇಲ್ಲಿ ಯಾರೂ ಇಲ್ಲ. ನಿನ್ನ ಮಗಳೇನ ಆಕಿ?"

ಅವ್ವ ಅಂದೂ ಅದನ್ನೇ ಹೇಳಿದಳು. "ಅಲ್ರೀ ಯಪ್ಪಾ, ತಿಪ್ಪ್ಯಾಗ ಸಿಕ್ಕಾಕಿ."

"ಮತ್ತ ನಿನಗ್ಯಾಕ ಬೇಕ ಬೋಸುಡಿ? ನಡಿ ಆಚಿಗೆ!"

ಸುಗ್ಗಿ ಮುಗಿದಾಗಲೆಲ್ಲ ಹೋದೆವು, ಅಷ್ಟೂ ಸಲ ಬೈಸಿಕೊಂಡು ಬಂದೆವು. ಕಾಂಪೌಂಡಿನ ಆಚೆ ಮಕ್ಕಳು ಸಾಲಾಗಿ ಕೂತು ಸಾಹುಕಾರರ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವುದು ಕಾಣುತ್ತಿತ್ತು. ಎಲ್ಲವಕ್ಕೂ ಬೋಳಿಸಿದ ತಲೆ, ಒಂದೇ ಬಟ್ಟೆಯ ಅಂಗಿ. ಅವುಗಳಲ್ಲಿ ನಮ್ಮದು ಯಾವುದು ಎಂದು ಹೇಗೆ ಗುರುತು ಹಿಡಿಯುವುದು? ನಮ್ಮ ಕೇರಿಯ ಮೂಲೆಮನೆಯ ಮಾನವ್ವನಂಥವರು, ಸತ್ತಿರಬೇಕು ಬಿಡು, ಎಂದರು. ಅವ್ವ ಮಾತ್ರ ಸತ್ತಳು ಎಂದೂ ಅನ್ನಲಿಲ್ಲ, ಮಗಳು ಎಂದೂ ಅನ್ನಲಿಲ್ಲ.

ಈ ವರ್ಷ ಬೊಂಬಾಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತು. ಸರಕಾರ ಯಾವುದು ಬಂದರೂ ಗುರುಸಂಗಪ್ಪ ಸಾಹುಕಾರರು ಅದರ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಹೊಸ ಸಾಹೇಬರನ್ನು ಕರೆಸಿ ಆಶ್ರಮದ ಹಬ್ಬ ಮಾಡಿದರು. ನಮ್ಮೂರ ಕಡೆ ಬಳೆ ಮಾರುವ ಜಮಾಲಸಾಬ ಈ ಸಲ ಮೊದಲ ಬಾರಿ ಅಲ್ಲಿ ಅಂಗಡಿ ಹಾಕಿದ್ದ. ಮರುದಿನ ಬೆಳಿಗ್ಗೆ ಕೇರಿಯ ತನಕ ಓಡೋಡಿ ಬಂದ.

"ಮಾಳವ್ವಾ, ಸಾವಕಾರ ಒಂದ ಹುಡುಗೀನ್ನ ಮಂದೀ ಮುಂದ ನಿಲ್ಲಿಸಿ ಭಾಷಣಾ ಹೊಡದಾ. ಈಕಿ ತಿಪ್ಪ್ಯಾಗ ಬಿದ್ದ ಕೂಸು, ಡ್ಯಾಮಿನ ಕೂಲಿಗೆ ಹೊಂಟಾಕಿ ಒಬ್ಬಾಕಿ ತಂದ ಒಗದ ಹೋದ್ಲು, ಇವತ್ತ ನಮ್ಮ ಮನ್ಯಾಗ ಅಡಗಿ ಮಾಡತಾಳ, ಕೂಸಿಗೆ ಜಾತಿ ಎಲ್ಲೈತಿ ಅಂದಾ. ಮಂದಿ ಕಣ್ಣೀರ ಒರಸಿಗೊಂತ ಚಪ್ಪಾಳಿ ಹೊಡೀತು. ವರ್ಷಾ ವರ್ಷಾ ಇದನ್ನ ಹೇಳತಾನಂತ. ಖರೇ ಹೇಳ್ತೀನವಾ, ನಿನ್ನ ಮಾರೀಗೇ ಸುಣ್ಣಾ ಹಚ್ಚಿ ನಿಲ್ಲಿಸಿದಂಗ ಇತ್ತು!"

ಅವ್ವ ಕೂತಲ್ಲಿಂದ ಎದ್ದಳು. ಜಮಾಲಸಾಬನ ಮಾತು ಇನ್ನೂ ಮುಗಿದಿರಲಿಲ್ಲ. "ಲಗೂ ಹೋಗ್ರಿ. ಆಕೀನ್ನ ನರಗುಂದದ ಹತ್ತಿ ವ್ಯಾಪಾರಿ ಮಲ್ಲೇಶಪ್ಪಗ ಕೊಡಾಕತ್ತಾರ. ನಾಳಿ ಊಟಕ್ಕ ಬಂದ ಮಾತ ಮುಗಸ್ತಾನಂತ, ಸಂಜಿಗೇ ಕರಕೊಂಡ ಹೊಕ್ಕಾನಂತ."

ಇಬ್ಬರು ಹೆಂಡಿರನ್ನು ಸುಡುಗಾಡಿಗೆ ಕಳಿಸಿದ ಪುಣ್ಯಾತ್ಮ ಈ ಮಲ್ಲೇಶಪ್ಪ. ಅವನ ಹಿರಿಯ ಮಗಳು ನನಗಿಂತ ದೊಡ್ಡವಳು. ಆಶ್ರಮಕ್ಕೆ ಹೊಸದೊಂದು ಮಗ್ಗದ ಕೋಣೆ ಕಟ್ಟಿಸಿಕೊಡುತ್ತೇನೆ ಎಂದಿದ್ದನಂತೆ. ಹುಡುಗಿಗೂ ಕೋಣೆಗೂ ಏನೂ ಸಂಬಂಧವಿಲ್ಲ, ಅದು ಬರೀ ಧರ್ಮದ ಕೆಲಸ.

ಹೀಗೆ ಆ ಊಟದ ದಿನ ನಾವು ಹಿತ್ತಲಿಗೆ ಬಂದದ್ದು. ಗದ್ದಲ ಕೇಳಿ ಗುರುಸಂಗಪ್ಪ ಸಾಹುಕಾರರೇ ಹೊರಗೆ ಬಂದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಜರಿ ಶಲ್ಯ. ಹಿಂದೆಯೇ ಹೆಂಡತಿ ಚನ್ನವ್ವ, ಕೈಯಲ್ಲಿ ತುಪ್ಪದ ಗಿಂಡಿ. ಅಡುಗೆಮನೆಯ ಬಾಗಿಲಿಗೆ ಒಬ್ಬ ಹುಡುಗಿ ಬಂದು ನಿಂತಳು, ಮೊಣಕೈ ತನಕ ಮೈದಾ ಹಿಟ್ಟು.

ಜಮಾಲಸಾಬ ಸುಳ್ಳಾಡಿರಲಿಲ್ಲ. ನನ್ನದೇ ಅಗಲ ಹಣೆ, ಅದೇ ಮೊಂಡು ಗದ್ದ, ಅದೇ ದುರುಗುಟ್ಟುವ ನೋಟ. ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು. ಹೂವಪ್ಪ ಕೋಲು ಅಡ್ಡ ಹಿಡಿದಿದ್ದ.

ಸಾಹುಕಾರರು ಎಲ್ಲ ಕೇಳಿಕೊಂಡು ಮೀಸೆಯೊಳಗೆ ನಕ್ಕರು. "ನಾ ಧರ್ಮದಾಂವ. ತಾಯಿ ಮಗಳನ್ನ ಅಗಲಸೂದಿಲ್ಲ. ಗಾಳೆವ್ವಾ, ಈಕಿ ತಲಿ ಮ್ಯಾಲ ಕೈ ಇಟ್ಟ... ಬ್ಯಾಡ, ಬ್ಯಾಡ, ಕೈ ಇಡಬ್ಯಾಡ, ಅಲ್ಲೇ ದೂರಿಂದನ, ಈಕಿ ನನ್ನ ಮಗಳ ಅಂತ ಒಂದ ಮಾತ ಅನ್ನು. ಈಗಿಂದೀಗ ಕಳಸತೀನಿ."

ಅವ್ವ ಹುಡುಗಿಯ ಮುಖ ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಅವಳ ಕಣ್ಣೆದುರು ಆ ಮೂರು ಸಣ್ಣ ಗುಂಡಿಗಳು ಇದ್ದವೆಂದು ನನಗೆ ಗೊತ್ತು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

"ನೋಡಿದ್ರ್ಯಾ?" ಹೂವಪ್ಪ ನಕ್ಕ. "ಎರಡ ಸೀರಿ ಆಶಾಕ್ಕ ಬಂದಾವ್ರಿ ರಂಡೇರು."

ನನಗೆ ತಡೆಯಲಾಗಲಿಲ್ಲ. "ಆಕಿ ಬಾಯಿ ಬಿಡೂದಿಲ್ಲ ಸಾವಕಾರ್ರ, ನಾ ಹೇಳ್ತೀನಿ ಕೇಳ್ರಿ. ಈಕಿ ನಮ್ಮವ್ವ ಹಡದ ಕೂಸು. ಮುಶಿಗೇರಿ ಕೇರ್ಯಾಗ ಹುಟ್ಟಿದಾಕಿ. ನಮ್ಮಪ್ಪ ಸತ್ತ ದನಾ ಎಳೀತಿದ್ದ. ಅವನ ಮಗಳ ಬಡದ ರೊಟ್ಟಿ ನೀವು ದಿನಾ ಎರಡೂ ಹೊತ್ತ ತಿಂದೀರಿ!"

ತುಪ್ಪದ ಗಿಂಡಿ ಚನ್ನವ್ವನ ಕೈಯಿಂದ ಬಿತ್ತು. "ಅಯ್ಯ ಶಿವನ! ಪೂಜಿ ನೀರೂ ಈಕೀನ ತುಂಬತಾಳಲ್ರೀ! ಸ್ವಾಮಿಗೋಳು ಬಂದಾಗ ಪ್ರಸಾದಾ ಈಕೀನ ಮಾಡಿದ್ಲಲ್ರೀ!"

"ಏ, ಮೆತ್ತಗ!" ಸಾಹುಕಾರರ ಮುಖ ಸುಣ್ಣವಾಗಿತ್ತು. ಪಡಸಾಲೆಯ ಕಡೆ ತಿರುಗಿ ನೋಡಿದರು. ಹಿತ್ತಲಿನಿಂದ ಪಡಸಾಲೆಯ ತನಕ ಆ ಮನೆಯ ಬಾಗಿಲುಗಳು ಒಂದರ ಎದುರಿಗೆ ಒಂದು ಇದ್ದವು. ಮಲ್ಲೇಶಪ್ಪನೂ ಅವನ ಕಡೆಯವರೂ ಮಣೆಯ ಮೇಲೆ ಕೂತು ಉಣ್ಣುತ್ತಿರುವುದು ನನಗೂ ಕಾಣುತ್ತಿತ್ತು.

"ಯಾಕ್ರಿ ಸಾವಕಾರ್ರ," ಅಂದೆ, "ಕೂಸಿಗೆ ಜಾತಿ ಎಲ್ಲೈತಿ ಅಂದಿದ್ರಂತಲ್ಲ ಮೊನ್ನಿ ಭಾಷಣದಾಗ?"

"ಭಾಷಣದ ಮಾತ ಅಡಗಿಮನ್ಯಾಗ ತರಬ್ಯಾಡ, ಭಾಡಕೌ!" ಹಲ್ಲು ಕಚ್ಚಿ ಬೈದರು. ಆಮೇಲೆ ನುಂಗಿಕೊಂಡು ಧ್ವನಿ ಇಳಿಸಿದರು. "ಕೇಳಿಲ್ಲೆ. ಈಕಿ ನಿಮ್ಮಾಕಿ ಅಲ್ಲ. ನಿಮ್ಮಾಕಿ ಆಗಾಕ ಸಾಧ್ಯನ ಇಲ್ಲ. ತಿಪ್ಪ್ಯಾಗ ಸಿಕ್ಕಾಕಿ, ಸಾಯೂತನಕಾ ತಿಪ್ಪ್ಯಾಗ ಸಿಕ್ಕಾಕಿನ. ಹೂವಪ್ಪಾ, ಇವರಿಗೆ ಚಲೋ ಸೀರಿ ಕೊಟ್ಟ ಹಿಂದಿನ ಹಾದೀಲೇ ಕಳಸು. ಊರಾಗ ಬಾಯಿ ಬಿಟ್ರ ಇವರ ಗುಡಸಲಾ ಉಳೀಬಾರದು."

ತಾಯಿ ಮಗಳನ್ನು ಕೂಡಿಸುವ ಧರ್ಮ ಅಷ್ಟು ಬೇಗ ಮುಗಿದಿತ್ತು. ಅವಳು ನಮ್ಮವಳೆಂದರೆ ತಿಂದದ್ದೆಲ್ಲ ಹೊಲಸಾಗುತ್ತದೆ. ಅವಳು ಯಾರವಳೂ ಅಲ್ಲ ಎಂದರೆ ಮಾತ್ರ ಸಾಹುಕಾರರ ಹೊಟ್ಟೆ ಮಡಿ.

ಇಷ್ಟು ಹೊತ್ತೂ ಕಂಬದ ಹಾಗೆ ನಿಂತಿದ್ದ ಹುಡುಗಿ ಹೊಸ್ತಿಲು ಇಳಿದಳು. ಯಾರನ್ನೂ ನೋಡದೆ ಸೀದಾ ಅವ್ವನ ಎದುರಿಗೆ ಬಂದಳು.

"ವರ್ಷಾ ವರ್ಷಾ ನನ್ನ ನಿಲ್ಲಿಸಿ ಹೇಳತಾರ," ಅಂದಳು. "ಮಂದಿ ನನ್ನ ನೋಡಿ ಅಯ್ಯೋ ಪಾಪ ಅಂತಾರ. ಯವ್ವಾ, ಖರೇ ಹೇಳು. ನನ್ನ ಯಾರರ ತಿಪ್ಪೀಗೆ ಒಗದಿದ್ರೇನು?"

"ಇಲ್ಲವಾ," ಎಂದಳು ಅವ್ವ. "ಯಾರೂ ಒಗದಿಲ್ಲ. ನೀ ಉಳೀಲಿ ಅಂತ ನಾನ ಹೊಳ್ಳಾಡಿಸಿ ಎತಗೊಂಡ ಬಂದೆ. ನಿನಗಿಂತ ಮೊದಲ ಮೂರ ಹೋಗಿದ್ವು. ನೀ ತಿಪ್ಪವ್ವ, ನನ್ನ ಮಗಳ. ನಾ ಹಡದ ಮಗಳ ನೀ."

ಹೇಳಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲಿ ಅಲ್ಲೇ ಬಿದ್ದು ಸಾಯುತ್ತಾಳೋ ಎಂದು ಹುಡುಗಿಯನ್ನೇ ಮೇಲಿಂದ ಕೆಳಗೆ ನೋಡಿದಳು. ಹುಡುಗಿ ಸಾಯಲಿಲ್ಲ. ಹಿಟ್ಟಿನ ಕೈಯಿಂದ ಅವ್ವನ ಕೈ ಹಿಡಿದು ಮೆಲ್ಲಗೆ ಬಾಯಿಂದ ಕೆಳಗಿಳಿಸಿದಳು. ಅವ್ವನನ್ನು ಅವಳು ಮುಟ್ಟಿದ್ದು ನೋಡಿ ಚನ್ನವ್ವ ಗೋಡೆಗೆ ಒರಗಿದಳು.

"ಅನ್ನಪೂರ್ಣಾ," ಸಾಹುಕಾರರು ಬೆಲ್ಲದಂತೆ ಕರೆದರು, "ಒಳಗ ನಡಿಯವಾ. ಮಂದಿ ಹೋಳಿಗಿಗೆ ಕಾಯಾಕತ್ತೈತಿ. ಅವರು ಉಂಡ ಏಳಲಿ, ಆಮ್ಯಾಲ ಎಲ್ಲಾ ಮಾತಾಡೂಣು. ನಿನಗ ನಾ ಏನ ಕಡಿಮಿ ಮಾಡೀನಿ?"

ಅವಳು ಅವರ ಮುಖ ನೋಡಿದಳು. ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋದಳು.

ಹೋದಳಲ್ಲ! ಇಷ್ಟು ವರ್ಷ ಅವರ ಉಪ್ಪು ತಿನ್ನಿಸಿ ಪಳಗಿಸಿಬಿಟ್ಟಿದ್ದಾರೆ, ಇನ್ನೇನು ಬರುತ್ತಾಳೆ ಎಂದು ಅವಳನ್ನೂ ಬೈದುಕೊಂಡೆ. ಹೂವಪ್ಪ ಕೋಲಿನಿಂದ ನಮ್ಮನ್ನು ದನ ಹೊಡೆದ ಹಾಗೆ ಹಾದಿಯ ಕಡೆ ನೂಕತೊಡಗಿದ. ಸಾಹುಕಾರರು ಶಲ್ಯದಿಂದ ಹಣೆಯ ಬೆವರು ಒರೆಸಿಕೊಂಡರು. ಒರೆಸಿದ ಕಡೆ ವಿಭೂತಿ ಹೋಗಿತ್ತು.

ಅಷ್ಟರಲ್ಲಿ ಪಡಸಾಲೆಯಿಂದ ಅವಳ ದನಿ ಕೇಳಿತು. ಸಭೆಯಲ್ಲಿ ಪ್ರಾರ್ಥನೆ ಹೇಳಿ ಹೇಳಿ ಪಳಗಿದ ದೊಡ್ಡ ದನಿ.

"ಇನ್ನೊಂದ ಹೋಳಿಗಿ ನೀಡ್ಲೇನ್ರಿ? ನಾನ ತಟ್ಟಿದ್ದು. ನಾ ತಿಪ್ಪವ್ವರಿ, ಮುಶಿಗೇರಿ ಕೇರಿ ಗಾಳೆವ್ವನ ಮಗಳು. ನಮ್ಮವ್ವ ಹಿತ್ತಲದಾಗ ನಿಂತಾಳ. ನಮ್ಮಪ್ಪ ಸತ್ತ ದನಾ ಎಳೀತಿದ್ನಂತ್ರಿ."

ಹೂವಪ್ಪನ ಕೋಲು ನಿಂತಿತು. ಬಾಗಿಲ ಸಾಲಿನೊಳಗಿಂದ ನೋಡಿದೆ. ಮಲ್ಲೇಶಪ್ಪನ ಕೈ ಬಾಯಿಯ ಹತ್ತಿರವೇ ಉಳಿದಿತ್ತು. ಅವನ ಮಗ್ಗುಲಲ್ಲಿದ್ದವನು ಬಾಯಲ್ಲಿದ್ದುದನ್ನು ತಾಟಿಗೆ ಉಗುಳಿ ಎದ್ದ. "ಅನ್ನಪೂರ್ಣಾ!" ಎಂದು ಕಿರುಚುತ್ತ ಸಾಹುಕಾರರು ಅಡುಗೆಮನೆಯ ಕಡೆ ಓಡಿದರು, ಚೆಲ್ಲಿದ ತುಪ್ಪದ ಮೇಲೆ ಕಾಲಿಟ್ಟು ಜಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಅವಳು ತಿರುಗಿ ನೋಡಲಿಲ್ಲ. ಮುಂದಿನವನ ತಾಟಿನ ಎದುರು ಬಗ್ಗಿ ಒಂದು ಹೋಳಿಗೆ ಇಟ್ಟಳು. "ನಿಮಗ ತುಪ್ಪಾ ಹಾಕ್ಲೇನ್ರಿ?" ಎಂದು ಕೇಳಿದಳು.